ಚಿತ್ರದ ತರಗತಿಯಲ್ಲಿ ನಾಳಿನ ಪ್ರಜೆ

ಪರೀಕ್ಷೆ ಸಮೀಪಿಸಿತೆಂದರೆ ನಮ್ಮ ಅನೇಕ ಶಾಲೆಗಳಲ್ಲಿ ಮೊದಲು ಕಣ್ಮರೆಯಾಗುವುದು ಚಿತ್ರಕಲೆಯ ಪೀರಿಯಡ್. ಆ ವೇಳೆ ಗಣಿತಕ್ಕೋ ವಿಜ್ಞಾನಕ್ಕೋ ಸಲ್ಲುತ್ತದೆ. ಹೆತ್ತವರಿಂದ ಆಕ್ಷೇಪವಿಲ್ಲ, ಚಿತ್ರ ಬರೆದರೆ ಹೊಟ್ಟೆ ತುಂಬೀತೇ ಎಂಬುದು ಅವರ ಪ್ರಶ್ನೆ. ಆದರೆ ಇಂದಿನ ವಿದ್ಯಾರ್ಥಿ ನಾಳಿನ ಮತದಾರ. ಆ ದೃಷ್ಟಿಯಿಂದಲೂ ಈ ವಿಷಯವನ್ನು ಪರಿಶೀಲಿಸುವುದು ಅಗತ್ಯ.

ಶಾಂತಿನಿಕೇತನದಲ್ಲಿ 1919ರಲ್ಲಿ ಆರಂಭವಾದ ಕಲಾಭವನವನ್ನು ದೀರ್ಘಕಾಲ ಮುನ್ನಡೆಸಿದ ನಂದಲಾಲ ಬೋಸರು, ಸುತ್ತಲಿನ ಪ್ರಕೃತಿಯನ್ನೂ ಜನಜೀವನವನ್ನೂ ಗಮನವಿಟ್ಟು ನೋಡುವುದನ್ನು ಶಿಷ್ಯರಿಗೆ ಕಲಿಸಿದರು. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಗಾಂಧೀಜಿಯವರ ಕೋರಿಕೆಯಂತೆ ಅವರು ತಮ್ಮ ಬಳಗದೊಂದಿಗೆ ಚಿತ್ರಫಲಕಗಳನ್ನು ರಚಿಸಿದರು. ದರ್ಜಿ, ಡೋಲು ಬಾರಿಸುವವ, ಭತ್ತ ಕುಟ್ಟುವ ಹೆಂಗಸರು ಅವುಗಳಲ್ಲಿ ಘನತೆಯಿಂದ ನಿಂತರು. ಮುಂದೆ ಭಾರತ ಸಂವಿಧಾನದ ಕೈಬರಹದ ಮೂಲಪ್ರತಿಯನ್ನು ಅಲಂಕರಿಸಿದವರೂ ಈ ಗುರು ಮತ್ತು ಶಿಷ್ಯರೇ. ಪ್ರಸ್ತಾವನೆಯ ಪುಟವನ್ನು ಸಿಂಗರಿಸಿದವರು ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾ. ಬುದ್ಧ, ಮಹಾವೀರ, ಅಕ್ಬರ್, ಗಾಂಧೀಜಿ ಒಂದೇ ಗ್ರಂಥದಲ್ಲಿ ಚಿತ್ರರೂಪ ತಾಳಿದರು. 1950ರ ಜನವರಿ 24ರಂದು ಸಂವಿಧಾನ ಸಭೆಯ ಸದಸ್ಯರು ಅದಕ್ಕೆ ಸಹಿ ಹಾಕಿದರು.

ಈ ಕಲಿಕೆ ಪ್ರಜೆಯನ್ನು ರೂಪಿಸುವುದು ಹೇಗೆ? ತರಗತಿಯ ನಡುವೆ ಒಂದು ಹೂಜಿಯನ್ನಿಟ್ಟು, ಸುತ್ತ ಕುಳಿತ ಮಕ್ಕಳಿಗೆ ಚಿತ್ರಿಸಲು ಹೇಳಿ. ಒಬ್ಬನ ಹಾಳೆಯಲ್ಲಿ ಹಿಡಿಯಿರುತ್ತದೆ, ಎದುರು ಕುಳಿತವಳ ಹಾಳೆಯಲ್ಲಿ ಇರುವುದಿಲ್ಲ. ಇಬ್ಬರೂ ಸತ್ಯವನ್ನೇ ಚಿತ್ರಿಸಿದ್ದಾರೆ. ಇನ್ನೊಬ್ಬರು ಕುಳಿತ ಸ್ಥಳದಿಂದ ಲೋಕ ಬೇರೆಯಾಗಿ ಕಾಣುತ್ತದೆಂದು ಅರಿತ ಮಗು ಭಿನ್ನಾಭಿಪ್ರಾಯವನ್ನು ಹಗೆತನವೆಂದು ಬಗೆಯುವುದಿಲ್ಲ. ಹಾಗೆಂದು ಮನಬಂದಂತೆ ಗೀಚುವಂತೆಯೂ ಇಲ್ಲ. ಕಂಡದ್ದನ್ನು ಪ್ರಾಮಾಣಿಕವಾಗಿ ಕಾಣಿಸಬೇಕು. ನಾಟಕದಲ್ಲಿ ಧನಿಕರ ಮಗು ಆಳಿನ ಪಾತ್ರ ವಹಿಸಿದಾಗಲೂ ಇದೇ ಪಾಠ. ಮತಗಟ್ಟೆಗೂ ಗ್ರಾಮಸಭೆಗೂ ಬೇಕಾದ ಗುಣಗಳಿವು.

ಕರಿಹಲಗೆಯ ಮೇಲಿನ ತೆಂಗಿನಮರವನ್ನೇ ಎಲ್ಲರೂ ನಕಲು ಮಾಡುವ ತರಗತಿಯಿಂದ ಮಾತ್ರ ಈ ಫಲ ದೊರೆಯದು. ಅಲ್ಲಿ ಮಗು ಕಲಿಯುವುದು ವಿಧೇಯತೆಯನ್ನು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣಕ್ಕೆ ಶಾಲೆಯಲ್ಲಿ ಗಂಭೀರ ಸ್ಥಾನ ನೀಡಬೇಕೆಂದಿತು. ಕಲೆಗೂ ವಿಜ್ಞಾನಕ್ಕೂ ನಡುವೆ ಗೋಡೆ ಸಲ್ಲದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾರಿತು. ನೀತಿ ಕಾಗದದಲ್ಲಿದೆ, ಅದು ವೇಳಾಪಟ್ಟಿಗೆ ಇಳಿಯಬೇಕಾದರೆ ಶಾಲಾ ಆಡಳಿತ ಮಂಡಳಿಗಳೂ ಹೆತ್ತವರೂ ಮನಸ್ಸು ಮಾಡಬೇಕು. ಮುಂದಿನ ಹೆತ್ತವರ ಸಭೆಯಲ್ಲಿ ಅಂಕಗಳನ್ನು ವಿಚಾರಿಸಿದ ಬಳಿಕ ಇನ್ನೊಂದು ಪ್ರಶ್ನೆ ಕೇಳೋಣ: ಈ ತಿಂಗಳು ಚಿತ್ರದ ತರಗತಿ ಎಷ್ಟು ಬಾರಿ ನಡೆಯಿತು?