ಐವತ್ತಾರು ನಿಮಿಷದ ನಾಗಪುರ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ನಾಗಪುರದ ಸೋನೆಗಾಂವ್ ನಿಲ್ದಾಣಕ್ಕೆ ನೆಟ್ಟಗೆ ಗೆರೆ ಎಳೆದರೆ ಸುಮಾರು 745 ಕಿಲೋಮೀಟರ್. ಜೆಟ್ ವಿಮಾನದ ವೇಗ ಗಂಟೆಗೆ 800 ಅನ್ನಿ. ಭಾಗಿಸಿದರೆ 56 ನಿಮಿಷ. 2022ರ ಏಪ್ರಿಲ್‌ನಲ್ಲಿ ಸ್ಟಾರ್ ಏರ್ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರು ಮಾಡಿದಂದಿನಿಂದ ನಮ್ಮ ಸೋದರಮಾವ ಈ ಲೆಕ್ಕ ಬಿಟ್ಟಿಲ್ಲ. “ಐವತ್ತಾರು ನಿಮಿಷದ ಹಾದಿಗೆ ತಾಸಿನ ಮ್ಯಾಲೆ ಯಾಕ ಬರೀತಾರ? ನಡುವ ಚಾ ಕುಡೀಲಿಕ್ಕೆ ನಿಲ್ಲಸ್ತಾರೇನು?”

ಮಾವನ ಭಾಗಾಕಾರ ಸರಿಯಾಗಿಯೇ ಇದೆ. ವಿಮಾನ ಬೆಳಗಾವಿಯ ನೆತ್ತಿಯ ಮೇಲೆ 800ರ ವೇಗದಲ್ಲೇ ಹುಟ್ಟಿ, ನಾಗಪುರದ ನೆತ್ತಿಯ ಮೇಲೆ ಅದೇ ವೇಗದಲ್ಲಿ ಮಾಯವಾಗುತ್ತದೆ ಎಂದುಕೊಂಡದ್ದೇ ತಪ್ಪು.

ಟಿಕೆಟ್ಟಿನಲ್ಲಿರುವುದು ಬರೀ ಹಾರಾಟದ ಸಮಯವಲ್ಲ. ಇಲ್ಲಿ ನಿಂತ ಜಾಗ ಬಿಟ್ಟು ಅಲುಗಿದ ಗಳಿಗೆಯಿಂದ ಅಲ್ಲಿ ಗಾಲಿ ನಿಲ್ಲುವವರೆಗಿನ ಲೆಕ್ಕ ಅದು. ಹತ್ತು ಸಾವಿರ ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ದಾಟುವಂತಿಲ್ಲ. ಹಾದಿ ಗಿಡ್ಡವಾದಷ್ಟೂ ಏರುವ, ಇಳಿಯುವ ಪಾಲೇ ದೊಡ್ಡದು. ಜೊತೆಗೆ ವಿಮಾನ ಗಾಳಿಗೆ ಎದೆಕೊಟ್ಟು ಏರಬೇಕು. ಸಾಂಬ್ರಾದ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಮಳೆಗಾಲದ ಪಡುವಣ ಗಾಳಿಯಲ್ಲಿ ಈಶಾನ್ಯದ ನಾಗಪುರಕ್ಕೆ ಹೊರಟ ವಿಮಾನ ಮೊದಲು ಗೋವಾದ ಕಡೆ ಮೂತಿ ಮಾಡಿ ಏರಿ, ಆಮೇಲೆ ಹೊರಳಬೇಕು. ಅತ್ತ ನಾಗಪುರದ ರನ್‌ವೇ ವಾಯವ್ಯದಿಂದ ಆಗ್ನೇಯಕ್ಕೆ, ನಾವು ಹೋಗುವ ದಿಕ್ಕಿಗೆ ಪೂರಾ ಅಡ್ಡ. ಯಾವ ತುದಿಯಲ್ಲಿ ಇಳಿದರೂ ತಿರುವು ತಪ್ಪದು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಭೂಮಿ ತಿರುಗುವುದರಿಂದ ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಎನ್ನುವವರೇ, ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ. ವ್ಯತ್ಯಾಸ ಮೇಲೆ ಬೀಸುವ ಗಾಳಿಯದು. 745 ಕಿ.ಮೀ. ತಾನೇ, ಕಾರಿನಲ್ಲೇ ಹೋದರಾಯಿತು ಎನ್ನುವವರೇ, ಅದು ಹಕ್ಕಿಯ ದೂರ, ರಸ್ತೆಯದಲ್ಲ.

ನಾಗಪುರದ ಝೀರೋ ಮೈಲ್ ಕಂಬ ದೇಶದ ನಟ್ಟನಡುವಿನ ಬಿಂದು, ಎಲ್ಲ ದೂರಗಳೂ ಅಲ್ಲಿಂದಲೇ ಎನ್ನುವುದು ಮಾವನ ಕೊನೆಯ ಅಸ್ತ್ರ. ಅಲ್ಲಿರುವ 1907ರ ಕಲ್ಲು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯದು, ಎತ್ತರದ ಗುರುತು: ಸಮುದ್ರಮಟ್ಟದಿಂದ 1,020.171 ಅಡಿ. ಪಕ್ಕದ ಕಂಬದಲ್ಲಿ ಹೈದರಾಬಾದಿಗೆ 318 ಮೈಲು ಎಂದಿದೆ, ಅಂದರೆ 512 ಕಿ.ಮೀ. ಆಕಾಶದಲ್ಲಿ ಅದು ಸುಮಾರು 420 ಅಷ್ಟೇ. ನೆಟ್ಟಗಿನ ಗೆರೆಯ ದೂರ ಅದಲ್ಲವೆಂದು ಕಂಬವೇ ಹೇಳುತ್ತಿದೆ, ಓದುವವರಿಲ್ಲ. ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ.

ಇದೇ ಮಾವ ಹುಬ್ಬಳ್ಳಿಗೆ ಹೋಗುವಾಗ ಭಾಗಾಕಾರ ಮಾಡುವುದಿಲ್ಲ. ನೂರು ಕಿಲೋಮೀಟರಿನೊಳಗಿನ ಹಾದಿ, ಬಸ್ಸು ಎಂಬತ್ತರಲ್ಲಿ ಓಡುತ್ತದೆ, ಆದರೂ ಎರಡು ತಾಸು ಬೇಕೆಂದು ಅವರಿಗೆ ಗೊತ್ತು. ಸ್ಟ್ಯಾಂಡಿನಿಂದ ಹೊರಬೀಳಬೇಕು, ಕಿತ್ತೂರಿನಲ್ಲಿ ನಿಲ್ಲಬೇಕು, ಧಾರವಾಡ ದಾಟಬೇಕು. ಹಾದಿ ಕಂಡವರು ಹಾದಿಯನ್ನು ನಂಬುತ್ತಾರೆ. ಕಾಣದ ಹಾದಿಗೆ ಮೊಬೈಲು ಒಂದು ಅಂಕಿ ತೋರಿಸಿದರೆ ಸಾಕು, ಪೈಲಟ್ ಕಳ್ಳನಾಗುತ್ತಾನೆ.