ಆರ್ದ್ರೆಯ ಬೆಳಕನ್ನು ಅಳೆಯುವವರು

ಒಕ್ಕಲುತನದವರ ಮಾತಿನಲ್ಲಿ ಆರಿದ್ರೆಯೆಂದರೆ ಮಳೆಯೇ ಹೊರತು ನಕ್ಷತ್ರವಲ್ಲ. ಮಿರಗ ಮುಗಿಯಿತೆ, ಆರಿದ್ರೆ ಹೊಕ್ಕಿತೆ ಎಂದು ಗಡಹಿಂಗ್ಲಜದ ಹಿರಣ್ಯಕೇಶಿ ದಂಡೆಯಲ್ಲಿ ಜೂನ್ ತಿಂಗಳಿನಲ್ಲಿ ಲೆಕ್ಕ ಹಾಕುವುದುಂಟು. ಆದರೆ ಆ ಹೆಸರಿನ ಕೆಂಪು ತಾರೆಯನ್ನು ಸಂಜೆಯ ಆಕಾಶದಲ್ಲಿ ಕಾಣಬೇಕಾದರೆ ಮಳೆಗಾಲ ಹಿಂದಾಗಿ ಚಳಿ ಬೀಳುವವರೆಗೆ ಕಾಯಬೇಕು. 2019ರ ಡಿಸೆಂಬರಿನಲ್ಲಿ ಹಾಗೆ ಕಂಡವರು ಬೆರಗಾದರು. ಎಂದೂ ರೋಹಿಣಿಗಿಂತ ಪ್ರಖರವಾಗಿ ತೋರುವ ಆರ್ದ್ರೆ ಅಂದು ಅದಕ್ಕಿಂತ ಮಸುಕಾಗಿತ್ತು. 2020ರ ಫೆಬ್ರುವರಿಯ ಹೊತ್ತಿಗೆ ಅದರ ಬೆಳಕು ಎಂದಿನದರ ಮೂರರಲ್ಲೊಂದು ಪಾಲಿನಷ್ಟಕ್ಕೆ ಇಳಿಯಿತು. ತಾರೆ ಸಿಡಿಯಲಿದೆಯೆಂಬ ಸುದ್ದಿಯೂ ಹಬ್ಬಿತು. ತಾರೆಯಿಂದ ಹೊರಬಿದ್ದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡ ಬಂದಿತ್ತೆಂದು ವಿಜ್ಞಾನಿಗಳು ಮುಂದೆ ವಿವರಿಸಿದರು.

ಈ ಕುಂದು ಅಸಾಮಾನ್ಯವೆಂದು ಹೇಳಬೇಕಾದರೆ ಸಾಮಾನ್ಯವಾವುದೆಂಬುದು ತಿಳಿದಿರಬೇಕಷ್ಟೆ. ಆ ದೀರ್ಘಕಾಲದ ಲೆಕ್ಕ ಬಹುಮಟ್ಟಿಗೆ ಹವ್ಯಾಸಿಗಳ ವಹಿಗಳಲ್ಲಿತ್ತು. ಬೆಳಕು ಏರಿಳಿಯುವ ಇಂಥ ತಾರೆಗಳಿಗೆ ಚಂಚಲ ತಾರೆಗಳೆಂದು ಹೆಸರು. ನಮ್ಮ ಮಕ್ಕಳು ಮರಾಠಿ ಪುಸ್ತಕಗಳಲ್ಲಿ ಇವನ್ನೇ ‘ರೂಪವಿಕಾರಿ’ ಎಂದು ಓದಿರಬಹುದು. ದೊಡ್ಡ ದೂರದರ್ಶಕಗಳಿಗೆ ಸೂಕ್ಷ್ಮದೃಷ್ಟಿಯುಂಟು, ಬಿಡುವಿಲ್ಲ. ಒಂದೇ ತಾರೆಯನ್ನು ಮೂವತ್ತು ವರ್ಷ ಕಾಯುವ ಕೆಲಸ ಹವ್ಯಾಸಿಗಳ ಪಾಲಿನದು. ಇದಕ್ಕೆಂದೇ 1911ರಲ್ಲಿ ಅಮೆರಿಕದ ವಕೀಲ ವಿಲಿಯಂ ಟೈಲರ್ ಓಲ್ಕಾಟ್ ಸ್ಥಾಪಿಸಿದ ಎ.ಎ.ವಿ.ಎಸ್.ಓ. ಸಂಘದಲ್ಲಿ ಇಂದು ನಾಲ್ಕು ಕೋಟಿಗೂ ಮಿಕ್ಕ ವೀಕ್ಷಣೆಗಳು ಸಂಗ್ರಹವಾಗಿವೆ.

ಅವುಗಳಲ್ಲಿ 37,215 ವೀಕ್ಷಣೆಗಳು ಒಬ್ಬ ಭಾರತೀಯನವು. ಬಂಗಾಲದ ಜೆಸ್ಸೋರಿನ ರಾಧಾಗೋವಿಂದ ಚಂದ್ರ (1878–1975) ಮೆಟ್ರಿಕ್ ಪರೀಕ್ಷೆ ದಾಟಲಾಗದೆ ಸರಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸಕ್ಕೆ ಸೇರಿದವರು. ಹಗಲು ನಾಣ್ಯ, ರಾತ್ರಿ ನಕ್ಷತ್ರ. 1912ರಲ್ಲಿ ಮೂರು ಅಂಗುಲದ ದೂರದರ್ಶಕವೊಂದನ್ನು ಕೊಂಡರು. 1918ರಲ್ಲಿ ಗರುಡ ಪುಂಜದಲ್ಲಿ ಹೊತ್ತಿಕೊಂಡ ನವ್ಯತಾರೆಯನ್ನು ತಾವೇ ಗುರುತಿಸಿ ಹಾರ್ವರ್ಡಿಗೆ ಬರೆದರು. ಅಲ್ಲಿಂದ ಆರಂಭವಾದ ಸಂಬಂಧ 1954ರವರೆಗೂ ಕಡಿಯಲಿಲ್ಲ. 1926ರಲ್ಲಿ ಸಂಘವು ಆರು ಅಂಗುಲದ ದೂರದರ್ಶಕವನ್ನೇ ಅವರಿಗೆ ಕಳುಹಿಸಿಕೊಟ್ಟಿತು. ದೇಶ ಇಬ್ಭಾಗವಾಗಿ ಜೆಸ್ಸೋರು ಗಡಿಯಾಚೆ ಉಳಿದಾಗ ಮನೆ ಬಿಟ್ಟು ಭಾರತಕ್ಕೆ ಬಂದರು. ಗಡಿಯ ಗೆರೆಯ ನೋವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದೂರದರ್ಶಕ ಮುಂದೆ ವೇಣು ಬಾಪು ಅವರ ಕೈ ಸೇರಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಬಾಪು ತರುಣರಾಗಿದ್ದಾಗ ಸ್ವತಃ ಚಂಚಲ ತಾರೆಗಳ ವೀಕ್ಷಕರೇ ಆಗಿದ್ದರು.

ಇವೆಲ್ಲ ಹಳೆಯ ಕಾಲದ ಮಾತೆನ್ನುವವರಿಗೆ ಹಂಸ ಪುಂಜದ ಎಸ್.ಎಸ್. ಸಿಗ್ನಿ ತಾರೆಯ ಉದಾಹರಣೆಯುಂಟು. ಅದು ಸುಮಾರು ಏಳು ವಾರಗಳಿಗೊಮ್ಮೆ ಏಕಾಏಕಿ ಉಜ್ವಲವಾಗುತ್ತದೆ. ಆಗ ಮಾತ್ರ ಅದರಿಂದ ರೇಡಿಯೋ ತರಂಗಗಳು ಸಾಕಷ್ಟು ಹೊಮ್ಮುತ್ತವೆ. ಹವ್ಯಾಸಿಗಳು ಕಾದಿದ್ದು ಸುದ್ದಿ ಮುಟ್ಟಿಸಿದೊಡನೆ ರೇಡಿಯೋ ದೂರದರ್ಶಕಗಳು ಅತ್ತ ತಿರುಗಿದವು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದರ ದೂರ ಸುಮಾರು 370 ಜ್ಯೋತಿರ್ವರ್ಷ. ಹಬಲ್ ದೂರದರ್ಶಕದಿಂದ ಮೊದಲು ಗಣಿಸಿದ್ದು 500ಕ್ಕೂ ಹೆಚ್ಚು. ಆ ಲೆಕ್ಕವೇ ನಿಂತಿದ್ದರೆ ಇಂಥ ತಾರೆಗಳ ಸಿದ್ಧಾಂತವನ್ನೇ ಕೈಬಿಡಬೇಕಾಗುತ್ತಿತ್ತು.

ನಮ್ಮಲ್ಲಿ ಈ ಕೆಲಸ ನಡೆಯಬೇಕಾದುದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ಹಗಲಾದಾಗ ನಮಗೆ ರಾತ್ರಿ. ಅವರು ಬಿಟ್ಟ ತೆರಪನ್ನು ಇಲ್ಲಿನವರೇ ತುಂಬಬೇಕು. ಇಚಲಕರಂಜಿ, ಕೊಲ್ಲಾಪುರಗಳ ಬೀದಿದೀಪಗಳ ನಡುವೆಯೂ ಆರ್ದ್ರೆ ಬರಿಗಣ್ಣಿಗೆ ಕಾಣುತ್ತದೆ, ಮಾಳಿಗೆಯೊಂದು ಸಾಕು. ಫೆಬ್ರುವರಿಯ ರಾತ್ರಿ ಎಂಟರ ಸುಮಾರಿಗೆ ಅದನ್ನು ಪಶ್ಚಿಮದ ರೋಹಿಣಿಯೊಡನೆ, ಪೂರ್ವದ ಪ್ರಶ್ವದೊಡನೆ ಹೋಲಿಸಿರಿ. ಪ್ರಶ್ವದ ಕಾಂತಿಮಾನ 0.4, ರೋಹಿಣಿಯದು 0.9, ಅಂಕಿ ಹೆಚ್ಚಿದಷ್ಟೂ ತಾರೆ ಮಸುಕು. ಆರ್ದ್ರೆ ಇವೆರಡರ ನಡುವಿದ್ದು ಪ್ರಶ್ವಕ್ಕೆ ತುಸು ಸಮೀಪವೆನಿಸಿದರೆ 0.6 ಎಂದು ತಾರೀಖು, ವೇಳೆಗಳೊಡನೆ ಬರೆದಿಡಿರಿ. ಮರುವಾರ ಬರೆಯುವಾಗ ಹಿಂದಿನ ಅಂಕಿಯನ್ನು ತಿರುವಿ ನೋಡಬಾರದು. ನೆರೆಮನೆಯವರ ಅಂಕಿ ಬೇರೆಯಾಗಿದ್ದರೂ ನಿಮ್ಮದನ್ನು ತಿದ್ದುವುದು ಬೇಡ.