ಮಂಗನ ಕಾಯಿಲೆಯಲ್ಲಿ ಮಂಗನ ತಪ್ಪೇನು?

ಜನವರಿಯ ಸೆಮ್ ರಜೆಯಲ್ಲಿ ನಾವು ನಾಲ್ಕು ಜನ ಅಂಬಿಕಾನಗರದ ಗೆಳೆಯನ ಮನೆಗೆ ಹೋಗಿದ್ವಿ. ನಾಗಝರಿ ಪವರ್ ಹೌಸ್ ಕಡೆ ಹೋಗೋದು, ಕಾಳಿ ನದಿ ನೋಡೋದು, ಅಷ್ಟೇ ಪ್ಲಾನ್. ದಾರಿಯಲ್ಲಿ ಒಂದು ಗೋಡೆ ಮೇಲೆ 'ಉಣ್ಣೆ ಕಚ್ಚದಂತೆ ಎಚ್ಚರ ವಹಿಸಿ' ಅಂತ ಪೋಸ್ಟರ್ ಇತ್ತು. ನಮ್ಮಲ್ಲೊಬ್ಬ "ಸ್ವೆಟರ್ ಉಣ್ಣೆ ಯಾಕೋ ಕಚ್ಚುತ್ತೆ?" ಅಂದ. ಎಲ್ಲರೂ ನಕ್ಕೆವು. ಆದ್ರೆ ನಿಜ ಹೇಳಬೇಕಂದ್ರೆ ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗ್ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಟಿಕ್ ಕಣ್ರೋ, ಉಣುಗು. ದನದ ಮೈಮೇಲೆ ಇರುತ್ತಲ್ಲ, ಅದು" ಅಂದ ಗೆಳೆಯ.

ಪೋಸ್ಟರ್ ಇದ್ದದ್ದು ಮಂಗನ ಕಾಯಿಲೆ ಬಗ್ಗೆ. ಇದರ ಇನ್ನೊಂದು ಹೆಸರು ಕೆಎಫ್‌ಡಿ, ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ವೈರಸ್ ಪತ್ತೆಯಾಯ್ತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು, 2024ರಲ್ಲಿ ಅಂಬಿಕಾನಗರ ಇರುವ ಉತ್ತರ ಕನ್ನಡದ್ದೇ ಸಿದ್ದಾಪುರ, ಹೀಗೆ ಮತ್ತೆ ಮತ್ತೆ ಜೀವಗಳು ಹೋಗಿವೆ.

ಇದಕ್ಕೆ ಅಂತಲೇ ಔಷಧಿ ಇಲ್ಲ. ಲಸಿಕೆ ಇತ್ತು. 2005ರಿಂದ 2010ರವರೆಗಿನ ಕರ್ನಾಟಕದ ಅಂಕಿ ನೋಡಿದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್‌ಗೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ ಸಿಗ್ತಿತ್ತು. ಆದ್ರೆ ಇಂಜೆಕ್ಷನ್ ನೋವು ಅಂತ ಎಷ್ಟೋ ಜನ ಬೂಸ್ಟರ್‌ಗೆ ಬರ್ತಿರಲಿಲ್ಲ. 2022ರಲ್ಲಿ ಆ ಲಸಿಕೆಯೇ ನಿಂತುಹೋಯ್ತು. ಹೊಸದು ಬಂದು ಕೈ ಸೇರುವ ತನಕ ಉಳಿದಿರುವ ಮುಖ್ಯ ಆಯುಧ ಒಂದೇ: ಜನ ತಮ್ಮ ದಿನದ ಅಭ್ಯಾಸ ಸ್ವಲ್ಪ ಬದಲಿಸೋದು. ಹಾಗಾಗಿ ಅವರಿಗೆ ಹೇಳುವ ಮಾತೇ ಔಷಧಿ. ಮಾತು ತಪ್ಪಿದರೆ ಔಷಧಿ ತಪ್ಪಿದ ಹಾಗೆ.

ಹೆಸರಲ್ಲೇ ಎಡವಟ್ಟು

'ಮಂಗನ ಕಾಯಿಲೆ' ಅಂದಕೂಡಲೇ ಜನ ಮಂಗನಿಗೆ ಹೆದರ್ತಾರೆ. ಪಾಪ, ಮಂಗ ಇಲ್ಲಿ ಆರೋಪಿ ಅಲ್ಲ, ನಮ್ಮ ಹಾಗೇ ರೋಗಿ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ನೆಲಕ್ಕೆ ಉದುರುತ್ತವೆ, ಆ ಜಾಗದಲ್ಲಿ ಓಡಾಡುವವರಿಗೆ ಕಚ್ಚುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಹರಡೋದು ಕಂಡುಬಂದಿಲ್ಲ. ಅಂದರೆ ನೋಡಬೇಕಾದ್ದು ಮರದ ಮೇಲಲ್ಲ, ಕಾಲಬುಡದಲ್ಲಿ. ಕಚ್ಚುವ ಮರಿ ಉಣ್ಣೆಗಳು ಹೆಚ್ಚಾಗೋದು ಚಳಿಗಾಲದಿಂದ ಬೇಸಿಗೆವರೆಗೆ. ಕೊಟ್ಟಿಗೆಗೆ, ಗೊಬ್ಬರಕ್ಕೆ ಜನ ದರಕು ಗುಡಿಸಿ ತರುವುದೂ ಅದೇ ತಿಂಗಳುಗಳಲ್ಲಿ.

'ಕಾಡಿಗೆ ಹೋಗಬೇಡಿ'

ನಾವೂ ದೊಡ್ಡ ಬುದ್ಧಿವಂತರ ಹಾಗೆ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರಿಗೆ "ಅಜ್ಜಿ, ಈಗ ಕಾಡಿಗೆ ಹೋಗಬೇಡಿ" ಅಂದ್ವಿ. ಅವರು "ತಮ್ಮಾ, ಕೊಟ್ಟಿಗಿಗೆ ದರಕು ನೀ ತಂದ್ ಹಾಕ್ತೀ ಏನು?" ಅಂದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ.

1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯರೋಗಕ್ಕೆ ಉಚಿತ ಎಕ್ಸ್‌ರೇ ಇಟ್ಟರೂ ಎಷ್ಟೋ ಜನ ಬರಲಿಲ್ಲ. ಯಾಕೆ ಅಂತ ಹುಡುಕಿದಾಗ ಹುಟ್ಟಿದ್ದು 'ಹೆಲ್ತ್ ಬಿಲೀಫ್ ಮಾಡೆಲ್'. ಜನ ಮನಸ್ಸಲ್ಲೇ ಲೆಕ್ಕ ಹಾಕ್ತಾರೆ: ಇದು ನನಗೆ ಬರುತ್ತಾ? ಬಂದರೆ ಎಷ್ಟು ಅಪಾಯ? ನೀವು ಹೇಳಿದ್ದು ಮಾಡಿದರೆ ಲಾಭವೇನು, ಖರ್ಚೇನು? ಅಜ್ಜಿಯ ಲೆಕ್ಕದಲ್ಲಿ ಖರ್ಚು ತುಂಬಾ ದೊಡ್ಡದು. ಅವರು ಅಜ್ಞಾನದಿಂದ ಮಾತಾಡಲಿಲ್ಲ, ಲೆಕ್ಕ ಹಾಕಿಯೇ ಮಾತಾಡಿದ್ರು.

ಹಾಗಂತ ಹೆದರಿಸಿದರೆ? ಅದೂ ತಿರುಗಿ ಹೊಡೆಯುತ್ತೆ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಬಂದಾಗ 'ಇದಕ್ಕೆ ಚಿಕಿತ್ಸೆ ಇಲ್ಲ' ಅಂತ ಮೊದಮೊದಲು ಸಾರಿದ್ರು. ಚಿಕಿತ್ಸೆನೇ ಇಲ್ಲ ಅಂದಮೇಲೆ ಆಸ್ಪತ್ರೆಗೆ ಯಾಕೆ ಹೋಗಬೇಕು ಅಂತ ಜನ ರೋಗಿಗಳನ್ನ ಮನೆಯಲ್ಲೇ ಇಟ್ಕೊಂಡ್ರು. ಭಯದ ಜೊತೆ ದಾರಿ ತೋರಿಸದಿದ್ದರೆ ಜನ ಅಪಾಯದಿಂದಲ್ಲ, ಆ ಮಾತಿನಿಂದಲೇ ದೂರ ಓಡ್ತಾರೆ.

ಹಾಗಾದ್ರೆ ಹೇಳೋದು ಹೇಗೆ?

ಮಾಡಲು ಆಗುವಂಥದ್ದನ್ನೇ ಹೇಳಬೇಕು. 'ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿ, ಮೈ ತುಂಬ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಜ್ವರ, ತಲೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.' ಇಷ್ಟೇ.

ಭಾಷೆಯೂ ಮುಖ್ಯ. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ, ಹಳಿಯಾಳ-ಮುಂಡಗೋಡ ಕಡೆಯ ಗೌಳಿಗರದ್ದು ಮರಾಠಿಯ ಒಂದು ಬಗೆ. ಪುಸ್ತಕದ ಕನ್ನಡದ ಪೋಸ್ಟರ್ ಕನ್ನಡದವರಾದ ನಮಗೇ ಅರ್ಥ ಆಗಲಿಲ್ಲ, ಇನ್ನು ಅವರಿಗೆ?

ಕೊನೆಯದು ಫೀಡ್‌ಬ್ಯಾಕ್. ಪೋಸ್ಟರ್ ಅಂಟಿಸಿ ಬಂದರೆ ಅದು ಓಪನ್ ಲೂಪ್ ಸಿಸ್ಟಮ್, ಔಟ್‌ಪುಟ್ ಏನಾಯ್ತು ಅಂತ ಗೊತ್ತೇ ಆಗಲ್ಲ. ಮರುದಿನ ನಾವು ಬರೀ ಎಣ್ಣೆ ವಿಷಯ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಎಣ್ಣಿ ಹಚ್ಚಿದ ಕೈಲೆ ಬುತ್ತಿ ಉಣ್ಣೂದು ಹ್ಯಾಂಗ?" ಕಾಡಲ್ಲೇ ಮಧ್ಯಾಹ್ನದ ಊಟ ಮಾಡೋರಿಗೆ ಇದೇ ದೊಡ್ಡ ಪ್ರಶ್ನೆ, ಆ ಪೋಸ್ಟರ್‌ನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಊರಿನ ಆಶಾ ಕಾರ್ಯಕರ್ತೆ ಹೇಳಿದ್ರು: ಬುತ್ತಿ ಜೊತೆ ಒಂದು ತುಂಡು ಸೋಪು, ಒಂದು ಬಾಟಲಿ ನೀರು ಇಟ್ಕೊಳ್ಳಿ, ಚೆನ್ನಾಗಿ ಕೈ ತೊಳೆದು ಉಣ್ಣಿ.

ಅಜ್ಜಿ "ಹಂಗಾರೆ ಅಡ್ಡಿಲ್ಲ" ಅಂದ್ರು.

ಮುಂದಿನ ಸಲ ಫೆಸ್ಟ್‌ಗೋ ಎನ್‌ಎಸ್‌ಎಸ್ ಕ್ಯಾಂಪ್‌ಗೋ ನಾವು ಆರೋಗ್ಯದ ಪೋಸ್ಟರ್ ಮಾಡುವಾಗ ಫಾಂಟ್ ಆರಿಸೋ ಮುಂಚೆ, ಅದನ್ನ ಓದಬೇಕಾದವರ ಹತ್ರ ಹತ್ತು ನಿಮಿಷ ಕೂತು ಅವರ ಪ್ರಶ್ನೆ ಕೇಳೋಣ.